ಸುಂದರಣ್ಣನ ಪೆನ್ಷನ್ನೂ ನಾಗೇಶನ ಜೀಪೂ

ಕಳಸದಿಂದ ಬಾಳೂರಿಗೆ ಹೊರಟಿದ್ದ ಜೀಪು ಕಳೆದ ವಾರ ಒಂದು ತಿರುವಿನಲ್ಲಿ ಗಕ್ಕನೆ ನಿಂತಿತು. ಪಂಕ್ಚರ್ ಅಲ್ಲ. ಆನೆಯೂ ಅಲ್ಲ. ಡ್ರೈವರಿಗೆ ಭಾವನ ಮೇಲೆ ಸಿಟ್ಟು ಬಂದಿತ್ತು, ಅಷ್ಟೇ.

ಭಾವ ಅಂದರೆ ಸುಂದರಣ್ಣ. ಡ್ರೈವರ್ ನಾಗೇಶನ ಅಕ್ಕ ಗಿರಿಜಕ್ಕನ ಗಂಡ. ಮುಂದಿನ ಸೀಟಿನಲ್ಲಿ ನನ್ನ ಪಕ್ಕವೇ ಕೂತಿದ್ದರು. ಗಿರಿಜಕ್ಕ ನಮ್ಮ ಹಿಂದಿನ ಸೀಟಿನಲ್ಲಿ. ಸುಂದರಣ್ಣ ನಗರದಲ್ಲಿ ಒಂದು ಕ್ರಿಕೆಟ್ ಲೀಗ್ ತಂಡದ ಮೈದಾನ ನೋಡಿಕೊಳ್ಳುತ್ತಿದ್ದವರು. ಪಿಚ್ ಮೇಲೆ ರೋಲರ್ ಓಡಿಸುವುದು, ಹುಲ್ಲು ಕತ್ತರಿಸುವುದು, ನಾಲ್ಕು ಹನಿ ಬಿದ್ದರೆ ಟಾರ್ಪಾಲ್ ಎಳೆದುಕೊಂಡು ಓಡುವುದು. (ಮಳೆ ಬಂದರೆ ಟಿ.ವಿ. ಮುಂದಿರುವ ನಮಗೆ ಜಾಹೀರಾತು, ಅವರಿಗೆ ಓಟ.) ಈಗ ನಿವೃತ್ತರಾಗಿ ಊರಿಗೆ ಬಂದಿದ್ದಾರೆ.

"ನಿಮ್ಮನ್ನ ಟಿ.ವಿ.ಯಲ್ಲಿ ನೋಡಿದ್ದೆ ಸುಂದರಣ್ಣ" ಎಂದೆ. ನನಗೆ ಚೆನ್ನಾಗಿ ನೆನಪಿತ್ತು. ಹಸಿರು ಟಾರ್ಪಾಲಿನ ಅಂಚು ಹಿಡಿದು ಓಡುತ್ತಿದ್ದವರು ಜಾರಿ ಬಿದ್ದದ್ದು, ಎದ್ದು ಮತ್ತೆ ಓಡಿದ್ದು. 'ನಮ್ಮೂರಿನವರು' ಎಂದು ಹಲವರ ಹತ್ತಿರ ಹೇಳಿಕೊಂಡೂ ಇದ್ದೆ.

"ಅದು ನಾನಲ್ಲ ಸಾರ್. ನಮ್ಮ ಗ್ರೌಂಡಿನ ಟಾರ್ಪಾಲು ನೀಲಿ. ಅದು ಬೇರೆ ಯಾವ್ದೋ ಊರು."

ನನ್ನ ನೆನಪಿನ ಯೋಗ್ಯತೆ ಇಷ್ಟು. ಹಾಗಾಗಿ ಮುಂದಿನ ಮಾತುಕತೆಯನ್ನು ಅವತ್ತೇ ಸಂಜೆ ಡೈರಿಯಲ್ಲಿ ಬರೆದಿಟ್ಟೆ. ಆದರೂ ಯಾವ ಮಾತು ಮೊದಲು, ಯಾವುದು ಆಮೇಲೆ ಎಂದು ಆಣೆ ಮಾಡಿ ಹೇಳಲಾರೆ.

ವಿಷಯ ಇಷ್ಟು. ಸುಂದರಣ್ಣನ ತಂಡದವರು ಕೆಲವು ವರ್ಷಗಳ ಹಿಂದೆ ಒಂದು ನಿಧಿ ಶುರುಮಾಡಿದ್ದರು. ಆಟಗಾರರಿಗಲ್ಲ. ಮೈದಾನದವರಿಗೆ, ಬಟ್ಟೆ ಒಗೆಯುವವರಿಗೆ, ಮಸಾಜ್ ಮಾಡುವವರಿಗೆ. ನಿವೃತ್ತರಾದಾಗ ಇಡಿಗಂಟು ಬೇಕಿದ್ದರೆ ಒಂದೇ ಸಲ. ಬೇಡವೆಂದರೆ ಬದುಕಿರುವಷ್ಟು ಕಾಲ ತಿಂಗಳು ತಿಂಗಳು ಪೆನ್ಷನ್, ಆಮೇಲೆ ಹೆಂಡತಿಗೆ. ಯಾವುದು ಬೇಕೆಂದು ಸುಂದರಣ್ಣ ಮಾರನೆಯ ದಿನ ಫೋನ್ ಮಾಡಿ ಹೇಳಬೇಕಿತ್ತು. ಒಮ್ಮೆ ಹೇಳಿದರೆ ಮುಗಿಯಿತು, ಬದಲಾಯಿಸುವಂತಿಲ್ಲ.

ನಮ್ಮ ಗುಡ್ಡಗಳ ಜನಕ್ಕೆ ಈ 'ತಿಂಗಳು ತಿಂಗಳು' ಅಷ್ಟು ಅಭ್ಯಾಸವಿಲ್ಲ. ಕಾಫಿ ವರ್ಷಕ್ಕೊಮ್ಮೆ ಹಣ್ಣಾಗುತ್ತದೆ. ಅಂಗಡಿಯ ಸಾಲ, ಮನೆಯ ಹೆಂಚು, ಮಗಳ ಮದುವೆ ಎಲ್ಲವೂ ಕಾಫಿ ಮಾರಿದ ಮೇಲೆ. ಎಸ್ಟೇಟಿನಲ್ಲಿ ದುಡಿದವರಿಗೂ ಕೊನೆಗೆ 'ಸೆಟ್ಲ್‌ಮೆಂಟ್' ಬರುವುದು ಒಂದೇ ಕಂತಿನಲ್ಲಿ. ದುಡ್ಡು ಅಂದರೆ ಒಟ್ಟಿಗೆ ಬರಬೇಕು, ಒಟ್ಟಿಗೆ ಹೋಗಬೇಕು. ಅದೇ ನಮ್ಮ ಲೆಕ್ಕಾಚಾರ.

ನಾಗೇಶನದ್ದೂ ಅದೇ. ಅವನು ಓಡಿಸುವುದು ಬೇರೆಯವರ ಜೀಪು. ಹೋಂಸ್ಟೇಗೆ ಬಂದವರನ್ನು ಗುಡ್ಡ ಹತ್ತಿಸುವ ಸ್ವಂತ ಜೀಪು ಅವನ ಕನಸು.

"ಭಾವ, ಇಡಿಗಂಟು ತಗಳಿ. ಜೀಪ್ ಹಾಕಣ. ತಿಂಗಳ್ ತಿಂಗಳ್ ನಾನೇ ಕೊಡ್ತೀನಿ. ನಾನೇ ನಿಮ್ಮ ಪೆನ್ಷನ್ನು!"

"ನೋಡಣ ಮಾರಾಯ" ಎಂದರು ಸುಂದರಣ್ಣ.

"ಕಳಸ ಬಿಟ್ಟಾಗಿಂದ ನೋಡಣ ಅಂತಿದೀರಲ್ಲ!"

ಜೀಪು ನಿಂತದ್ದು ಆಗಲೇ.

ಹಿಂದೆ ಕೂತವರಿಗೆ ಇಷ್ಟು ಸಾಕಾಯಿತು. ಸುರುವಾಯಿತು ಸಲಹೆ. ಮೆಣಸು ಹಾಕಿ ಎಂದರು ಒಬ್ಬರು. ಹಸು ಕಟ್ಟಿ ಎಂದರು ಇನ್ನೊಬ್ಬರು. ಮೂಲೆಯಲ್ಲಿದ್ದ ವಯಸ್ಸಾದ ಎಸ್ಟೇಟ್ ಮೇಸ್ತ್ರಿ ಮಾತ್ರ, "ನಂಗೂ ಸೆಟ್ಲ್‌ಮೆಂಟ್ ಬಂದಿತ್ತಪ್ಪ. ನೆಂಟ್ರೆಲ್ಲ ಬಂದು ಮಾತಾಡಿಸ್ಕಂಡು ಹೋದ್ರು. ಅದೂ ಅವರ ಜೊತೇಲೆ ಹೋಯ್ತು" ಎಂದರು.

"ನೀವು ಓದಿದವ್ರು, ನೀವು ಹೇಳಿ ಸಾರ್" ಎಂದು ಸುಂದರಣ್ಣ ನನ್ನತ್ತ ತಿರುಗಿದರು.

ಓದಿದವನಿಗೆ ಇದಕ್ಕಿಂತ ಸಂತೋಷ ಬೇಕೆ? ಗಂಟಲು ಸರಿಮಾಡಿಕೊಂಡೆ. "ವರ್ಷದ ನೀರನ್ನೆಲ್ಲ ಒಂದೇ ದಿನ ಬಿಟ್ಟರೆ ನಿಮ್ಮ ಮೈದಾನದ ಹುಲ್ಲು ಏನಾಗುತ್ತೆ, ಸುಂದರಣ್ಣ?"

"ಕೊಳೀತದೆ. ಆದ್ರೆ ಹುಲ್ಲಿಗೆ ನೆಂಟ್ರು ಇರಲ್ಲ ಸಾರ್."

ಇಡೀ ಜೀಪು ನಕ್ಕಿತು. ನಾಗೇಶ ಮಾತ್ರ ನಗಲಿಲ್ಲ. ಅವನ ಮುಖ ನೋಡಿ ನನಗೂ ಪಾಪ ಎನಿಸಿತು. ಅವನೇನು ಮೋಸ ಮಾಡಲು ಹೊರಟವನಲ್ಲ. ಜೀಪು ಓಡಿದರೆ ಖಂಡಿತ ಕೊಡುತ್ತಿದ್ದ. ಓಡದಿದ್ದರೆ?

ಅಲ್ಲಿಯವರೆಗೆ ಸುಮ್ಮನಿದ್ದ ಗಿರಿಜಕ್ಕ ಮುಂದೆ ಬಾಗಿ ತಮ್ಮನ ಭುಜದ ಮೇಲೆ ಕೈಯಿಟ್ಟರು.

"ನೀನು ಕೊಡ್ತೀಯ ಮಾರಾಯ, ನಂಗೊತ್ತು. ಆದ್ರೆ ತಿಂಗಳಾಯ್ತು ಅಂದ್ರೆ ನಾನು ನಿನ್ನ ಮುಖ ನೋಡ್ಬೇಕು. ಮಳೆಗಾಲದಲ್ಲಿ ಜೀಪ್ ನಿಂತ್ರೆ ನೀನು ನನ್ನ ಮುಖ ತಪ್ಪಿಸ್ಬೇಕು. ಯಾಕೆ ಬೇಕು? ಇವ್ರು ಇಷ್ಟು ವರ್ಷ ಯಾರ್ಯಾರೋ ಆಡೋ ನೆಲ ನೋಡ್ಕಂಡ್ರು. ಇನ್ನು ಆ ನೆಲ ಇವ್ರನ್ನ ನೋಡ್ಕಳ್ಲಿ."

ಹಿಂದಿನಿಂದ ಬಸ್ಸೊಂದು ಹಾರ್ನ್ ಹೊಡೆಯಿತು. ನಾಗೇಶ ಗೇರ್ ಹಾಕಿದ.

ಪೆನ್ಷನ್ ಎಂದರೇನು ಎಂದು ನಾನು ಕಾಲೇಜಿನಲ್ಲಿ ಓದಿದ್ದೇನೆ. ಯಾರ ಮುಖವನ್ನೂ ನೋಡದೆ ತಿನ್ನುವ ಅನ್ನ ಎಂದು ಯಾವ ಪಾಠದಲ್ಲೂ ಇದ್ದ ನೆನಪಿಲ್ಲ. (ಇದ್ದಿರಲೂಬಹುದು. ನನ್ನ ನೆನಪಿನ ವಿಷಯ ನಿಮಗೀಗ ಗೊತ್ತಲ್ಲ.)

ಬಾಳೂರು ಬರುವ ಹೊತ್ತಿಗೆ ಸುಂದರಣ್ಣ, "ತಿಂಗಳ್ ತಿಂಗಳ್ದೇ ಸಾಕು ಅಂತ ಹೇಳ್ತೀನಿ ನಾಗೇಶ. ಬೇಜಾರ್ ಮಾಡ್ಕಬೇಡ" ಎಂದರು.

"ನಂಗೆಂಥ ಬೇಜಾರು?" ಎಂದ ನಾಗೇಶ. ಅಕ್ಕ, ಭಾವ ಇಬ್ಬರೂ ಇಳಿದಾಗ ಕಿಟಕಿಯಿಂದ ಕೈ ಚಾಚಿದ. "ಚಾರ್ಜ್ ಕೊಡಿ. ಇಷ್ಟು ದಿನ ನೆಂಟ್ರು ಅಂತ ಬಿಟ್ಟಿದ್ದೆ. ಪೆನ್ಷನ್‌ದಾರ್ರಿಗೆ ಫ್ರೀ ಇಲ್ಲ!"

ಸುಂದರಣ್ಣ ನಗುತ್ತ ಜೇಬಿಗೆ ಕೈಹಾಕಿದರು. ಜೀಪಿನ ಚಾರ್ಜನ್ನು ಅಷ್ಟು ಖುಷಿಯಿಂದ ಕೊಟ್ಟವರನ್ನು ನಾನು ಬೇರೆ ನೋಡಿಲ್ಲ. ಗಿರಿಜಕ್ಕ, "ಭಾನುವಾರ ಊಟಕ್ಕೆ ಬಾ. ಕೋಳಿ ಮಾಡ್ತೀನಿ" ಎಂದು ತಮ್ಮನಿಗೆ ಹೇಳಿ ಹೊರಟರು. ಅವನೂ ಕೊನೆಗೆ ನಕ್ಕ.

ಅಂದಿನಿಂದ ನಾನೂ ಆರಾಮವಾಗಿದ್ದೇನೆ. ಒಂದೇ ಒಂದು ಸಂಗತಿ ಆಗಾಗ ಕಾಡುತ್ತದೆ.

ಹಸಿರು ಟಾರ್ಪಾಲು ಹಿಡಿದು ಓಡುವಾಗ ಜಾರಿ ಬಿದ್ದವರು ಸುಂದರಣ್ಣ ಅಲ್ಲವಲ್ಲ, ಹಾಗಾದರೆ ಅವರು ಯಾರು, ಅವರಿಗೆ ಪೆನ್ಷನ್ ಇದೆಯೇ?