ಟೀಚರಮ್ಮನ ಕೆಂಪು ಪೆನ್ನು

ಹಲಸೂರಿನ ಒಂದು ಮನೆಗೆ ಕಂಪನಿ ಕಡೆಯಿಂದ ಫ್ರಿಜ್ ರಿಪೇರಿಗೆ ಹೋಗಿದ್ದೆ. ಮನೇಲಿದ್ದವರು ರಿಟೈರಾದ ಟೀಚರಮ್ಮ ಒಬ್ಬರೇ. ಮೇಜಿನ ಮೇಲೆ ಹಳೇ ಕಾಲದ ಇಂಕ್ ಪೆನ್ನುಗಳ ಸಾಲು ಕಂಡು ನನಗೆ ಫ್ರಿಜ್ ಮರೆತೇಹೋಯಿತು. ಆ ಹುಚ್ಚು ನನಗೂ ಇದೆ. ಶಿವಾಜಿನಗರದ ಗುಜರಿಯಲ್ಲಿ ಹುಡುಕಿ ತಂದದ್ದನ್ನೆಲ್ಲ ಹತ್ತಿಯಲ್ಲಿ ಸುತ್ತಿ ಬೀರುವಿನಲ್ಲಿ ಇಡ್ತೀನಿ. ಇವರ ಪೆನ್ನುಗಳಲ್ಲೋ, ಎಲ್ಲದರಲ್ಲೂ ಇಂಕಿತ್ತು!

“ಸುಮ್ನೆ ಇಟ್ರೆ ಪೆನ್ನು ಸತ್ತೋಗತ್ತಪ್ಪ. ಅದಕ್ಕೇ ಒಂದೊಂದಕ್ಕೂ ಒಂದೊಂದು ಕೆಲಸ ಕೊಟ್ಟಿದೀನಿ,” ಅಂದರು. ಕಪ್ಪು ಪೆನ್ನು ಅಂಗಡಿ ಚೀಟಿಗೆ, ನೀಲಿಯದು ತಂಗಿಗೆ ಕಾಗದ ಬರೆಯೋದಕ್ಕೆ.

“ಈ ಕೆಂಪು ಪೆನ್ನು?”

“ಯಾರಿಗಾದ್ರೂ ಬೈದು ಬರೆಯೋದಿದ್ರೆ ಇದು. ನಲ್ಲೀಲಿ ನೀರು ನಿಂತ್ರೆ ಇದನ್ನೇ ತಗೋತೀನಿ.”

ಹಸಿರು ಗೆರೆಯ ಪೆನ್ನೊಂದನ್ನು ಕೈಗೆ ಕೊಟ್ಟು ನನ್ನಿಂದಲೂ ಬರೆಸಿದರು. ಆಹಾ, ಕಾಗದದ ಮೇಲೆ ಜಾರಿಕೊಂಡು ಹೋಯಿತು! ಇಂಥದ್ದೊಂದನ್ನು ಎಷ್ಟು ವರ್ಷದಿಂದ ಹುಡುಕುತ್ತಿದ್ದೆ. ತಡೆಯಲಾಗಲಿಲ್ಲ.

“ಅಮ್ಮಾ, ಇದನ್ನ ನನಗೆ ಕೊಟ್ಬಿಡಿ. ಬೀರುವಿನಲ್ಲಿ ಜೋಪಾನವಾಗಿ ಇಟ್ಕೋತೀನಿ.”

ಟೀಚರಮ್ಮ ನನ್ನ ಕೈಯಿಂದ ಹಸಿರು ಪೆನ್ನು ತೆಗೆದುಕೊಂಡು ಕ್ಯಾಪ್ ಹಾಕಿಟ್ಟರು. ಆಮೇಲೆ ನಿಧಾನವಾಗಿ ಕೆಂಪು ಪೆನ್ನಿನ ಕ್ಯಾಪ್ ತಿರುಗಿಸುತ್ತಾ ಕೇಳಿದರು: “ನಿಮ್ಮ ಕಂಪನಿ ಅಡ್ರೆಸ್ ಏನಪ್ಪಾ?”

ಅಷ್ಟು ಬೇಗ ನಾನು ಇನ್ಯಾವ ಫ್ರಿಜ್ಜನ್ನೂ ರಿಪೇರಿ ಮಾಡಿಲ್ಲ.