ಸುಗುಣಮ್ಮನ ಬಟ್ಟೆಯಲ್ಲಿ ನನ್ನ ರೊಟ್ಟಿ

ಆ ಭಾನುವಾರ ಕರ್ತನ ಭೋಜನದಲ್ಲಿ ಯೇಸುವಿನ ನೆನಪಿಗೆಂದು ನೀವೆಲ್ಲ ಕೆಮ್ಮುತ್ತ ನುಂಗಿದ ಗಟ್ಟಿ ರೊಟ್ಟಿ ಸುಗುಣಮ್ಮನದಲ್ಲ — ನನ್ನದು. ಅವರು ತಂದದ್ದನ್ನು ತೆಗೆದಿಟ್ಟು, ಅವರ ಬಟ್ಟೆಯಲ್ಲೇ ನನ್ನದನ್ನು ಸುತ್ತಿ ಮೇಜಿನ ಮೇಲಿಟ್ಟವಳು ನಾನು. ಆಮೇಲೆ ಅವರ ರೊಟ್ಟಿಯ ಮೇಲೆ ನೀವು ಮಾಡಿದ ತಮಾಷೆಗೆಲ್ಲ ನಾನೂ ನಕ್ಕಿದ್ದೇನೆ.

ಈಚೆಗೆ ಸಭೆಗೆ ಸೇರಿದವರಿಗೆ ಇದು ಗೊತ್ತಿರಲಿಕ್ಕಿಲ್ಲ. ಆಗ ಈ ದೇವಳಾಲಿ ಮಿಲಿಟರಿ ಕ್ಯಾಂಪಿನಲ್ಲಿದ್ದ ನಾವೆಲ್ಲ ಬೀದರ್ ಕಡೆಯವರೇ. ಅರ್ಧ ಜನ ನಮ್ಮ ಯಜಮಾನರ ಹಾಗೆ ಡಿಪೋದ ಗುಮಾಸ್ತರು, ಅರ್ಧ ಜನ ಕ್ಯಾಂಪಿನ ಕಸ ಗುಡಿಸುವವರು — ಅವರ ಸಾಲುಮನೆಗಳಿಗೆ ಲೈನು ಅನ್ನುತ್ತಿದ್ದುದರಿಂದ, ಲೈನಿನವರು. ಹಾಡುವ ಕೀರ್ತನೆ ಒಂದೇ. ಆದರೆ ನಾವು ಮುಂದೆ ಬೆಂಚಿನ ಮೇಲೆ, ಅವರು ಹಿಂದೆ ಚಾಪೆಯ ಮೇಲೆ. ಅಲ್ಲಿ ಕೂಡ್ರಿ ಎಂದು ಯಾರೂ ಹೇಳಿರಲಿಲ್ಲ. ಮುಂದೆ ಬನ್ನಿ ಎಂದೂ ಯಾರೂ ಹೇಳಿರಲಿಲ್ಲ.

ಅಂಥದ್ದರಲ್ಲಿ ಹೊಸ ಸಭಾಪಾಲಕರು ಬಂದರು. ಎಳೆಯ ಹುಡುಗ, ಹಳೆಯ ಸೈಕಲ್ಲು. ನಮ್ಮ ಮನೆಗೆ ಊಟಕ್ಕೆ ಕರೆದರೆ ಲೈನಿನಲ್ಲಿ ಚಹಾ ಕುಡಿಯುತ್ತ ಕೂತು, ಸಾರು ಆರಿದ ಮೇಲೆ ಬರುವವರು. ಹಸಿದವರಿಗೆ ಅನ್ನ ಕೊಟ್ಟರೆ ಸಾಲದು, ಅವರು ಯಾಕೆ ಹಸಿದಿದ್ದಾರೆ ಎಂದೂ ಕೇಳಬೇಕು, ಯೇಸುಸ್ವಾಮಿ ಅದನ್ನೇ ಕೇಳಿದ್ದು ಎನ್ನುತ್ತಿದ್ದರು. ಲೈನಿನಲ್ಲಿ ಒಂದು ನಳ ಇರಲಿಲ್ಲ. ಇಡೀ ಸಭೆ ಒಟ್ಟಿಗೆ ಕ್ಯಾಂಪಿನ ಆಫೀಸಿಗೆ ಹೋಗಿ ಕೇಳೋಣ ಎಂದರು. ಅದಕ್ಕೂ ಮೊದಲು ಇನ್ನೊಂದು ಮಾತು — ಭೋಜನಕ್ಕೆ ಬೇಕರಿ ಬ್ರೆಡ್ಡು ಬೇಡ, ಜೋಳದ ರೊಟ್ಟಿ ಸಾಕು, ಎಲ್ಲ ಮನೆಗಳಿಂದ ಸರದಿಯ ಮೇಲೆ ಬರಲಿ.

"ಒಂದೇ ರೊಟ್ಟಿ ಹಂಚಿಕೊಂಡು ತಿನ್ನಲಾರದವರು ಹೋಗಿ ನಳ ಕೇಳಿದರೆ ಯಾರು ನಂಬುತ್ತಾರೆ?" ಎಂದರು.

ಎಲ್ಲರೂ ಆಮೆನ್ ಅಂದೆವು. ನನ್ನದೇ ದೊಡ್ಡ ದನಿ.

ಲೈನಿನಿಂದ ಮೊದಲ ಸರದಿ ಸುಗುಣಮ್ಮನದು. ನಮ್ಮ ಮನೆ ದೇವಾಲಯದ ಹಿಂದೆಯೇ ಇದ್ದುದರಿಂದ ಮೇಜಿಗೆ ಬಟ್ಟೆ ಹಾಸಿ ತಟ್ಟೆ ಇಡುವ ಸೇವೆ ನನ್ನದಾಗಿತ್ತು. ಸುಗುಣಮ್ಮ ಬೆಳಿಗ್ಗೆ ನಮ್ಮ ಮನೆಗೆ ಬಂದು ಹೊರಗಿನ ಮೆಟ್ಟಿಲ ಮೇಲೇ ನಿಂತರು. ಒಗೆದು ಬೆಳ್ಳಗೆ ಮಾಡಿದ ಬಟ್ಟೆಯಲ್ಲಿ ಎರಡು ರೊಟ್ಟಿ, ಇನ್ನೂ ಬಿಸಿ.

"ಹಿಟ್ಟು ಸೋಸಿ ಮಾಡೀನ್ರಿ ಅಕ್ಕೋರೆ. ಕೈ ಎರಡ್ ಸಲ ತೊಳಕೊಂಡೀನಿ."

ಕೈ ತೊಳೆದೆನೆಂದು ನಾವು ಯಾರೂ ಯಾರಿಗೂ ಹೇಳಿದವರಲ್ಲ. ಅದು ಆಗ ಹೊಳೆಯಲಿಲ್ಲ.

ಅವರು ಹೋದ ಮೇಲೆ ಗಂಟು ಹಿಡಿದು ನಿಂತೆ. ಬೆಂಚಿನವರು ಎದ್ದು ಹೋದರೆ, ಸಭೆ ಒಡೆದರೆ — ಎಂದುಕೊಂಡೆ. ಹಾಗೆಂದುಕೊಂಡೆ, ಅಷ್ಟೇ. ನಿಜ ಬೇರೆ. ಆ ರೊಟ್ಟಿ ನನ್ನ ಬಾಯಿಗೆ ಹೋಗಲಾರದಾಗಿತ್ತು. ಹೊಸದಾಗಿ ತಟ್ಟಲು ವೇಳೆಯಿರಲಿಲ್ಲ. ಬುಟ್ಟಿಯಲ್ಲಿ ಹಿಂದಿನ ದಿನದ ಎರಡು ರೊಟ್ಟಿ ಒಣಗಿ ಕೂತಿದ್ದವು. ಅದಲು ಬದಲು ಮಾಡಿದೆ.

ಸಭಾಪಾಲಕರು ರೊಟ್ಟಿ ಮುರಿದ ಸದ್ದು ಹಿಂದಿನ ಚಾಪೆಯವರೆಗೂ ಕೇಳಿತು. ಮುಂದಿನ ಬೆಂಚಿನ ದಾನಿಯೇಲಪ್ಪನವರ ಕಟ್ಟಿಸಿದ ಹಲ್ಲು ಅಲುಗಾಡಿ, ಪಾಪ, ಕಣ್ಣೀರು ಬಂತು. ಪಶ್ಚಾತ್ತಾಪದ ಕಣ್ಣೀರೆಂದು ಪಕ್ಕದವರು ಸ್ತೋತ್ರ ಹೇಳಿದರು. ಆದರೆ ಒಬ್ಬರೂ ಎದ್ದು ಹೋಗಲಿಲ್ಲ — ಎಲ್ಲರೂ ಸುಗುಣಮ್ಮನದೆಂದೇ ತಿಂದರು. ಅಂದರೆ ನೀವು ತಯಾರಿದ್ದಿರಿ. ತಯಾರಿಲ್ಲದವಳು ನಾನೊಬ್ಬಳೇ.

ಬಾಗಿಲ ಬಳಿ ಸುಗುಣಮ್ಮನ ಮುಖ ಸಣ್ಣಗಾಗಿತ್ತು. "ಹಿಟ್ಟಿಗಿಟ್ಟ ಎಸರು ಸರಿ ಕಾದಿಲ್ಲೇನೋ ಅಕ್ಕೋರೆ. ಹಿಂಗ್ಯಾಕ ಆಯ್ತು? ದೇವರ ಮೇಜಿಗೆ ನನ್ ಕೈ ಬ್ಯಾಡ ಬಿಡ್ರಿ."

ಅಲ್ಲೇ ಹೇಳಬಹುದಿತ್ತು. ನಾನು — "ಇರಲಿ ಬಿಡ್ರಿ" ಅಂದೆ.

ಮನೆಗೆ ಬಂದರೆ, ಆಕಳಿಗೆ ಹಾಕೋಣವೆಂದು ಮುಚ್ಚಿಟ್ಟಿದ್ದ ಸುಗುಣಮ್ಮನ ರೊಟ್ಟಿಯನ್ನು ಮಕ್ಕಳು ಶೇಂಗಾ ಚಟ್ನಿ ಹಚ್ಚಿಕೊಂಡು ಮುಗಿಸುತ್ತಿದ್ದರು. ನಮ್ಮವರೂ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಮದುವ್ಯಾಗಿ ಇಷ್ಟು ವರ್ಷಕ್ಕ ಇವತ್ತ ನಿನ್ ಕೈ ಹದಕ್ಕ ಬಂತು ನೋಡು" ಅಂದರು. ನಾನು ಅನ್ನ ಉಂಡೆ.

ಆಮೇಲೆ ಲೈನಿನ ಯಾವ ಹೆಂಗಸೂ ರೊಟ್ಟಿ ತರಲು ಒಪ್ಪಲಿಲ್ಲ. ಬೇಕರಿ ಬ್ರೆಡ್ಡು ಮರಳಿ ಬಂತು. ನಳ ಕೇಳಲು ಹೋದ ದಿನ ಸಭಾಪಾಲಕರ ಹಿಂದೆ ನಡೆದವರು ಲೈನಿನವರು ಮಾತ್ರ. ನಮ್ಮ ಗಂಡಸರಿಗೆ ಡ್ಯೂಟಿ ಇತ್ತು, ನಮಗೆ ಒಲೆ ಇತ್ತು. ಆದರೂ ನಳ ಬಂತು, ದೇವರಿಗೆ ಸ್ತೋತ್ರ. ನಾನು ಎಣಿಸುವ ದೇವರ ಉಪಕಾರಗಳಲ್ಲಿ ಅದೂ ಒಂದು, ಅದರಲ್ಲಿ ನನ್ನ ಪಾಲು ಇಲ್ಲದಿದ್ದರೂ.

ಇದೆಲ್ಲ ಆಗಿ ಎಷ್ಟೋ ವರ್ಷಗಳಾದವು. ಈ ಸಲದ ಸಭೆಯ ಸುಗ್ಗಿ ಹಬ್ಬದ ಊಟಕ್ಕೆ ಯಾರು ಏನು ಮಾಡಬೇಕೆಂದು ಮಾತಾಡುವಾಗ ಯಾರೋ ಅಂದರು — "ರೊಟ್ಟಿ ಮಾತ್ರ ಸುಗುಣಮ್ಮಗ ಹೇಳಬ್ಯಾಡ್ರಿ, ದಾನಿಯೇಲಪ್ಪಗ ಇನ್ನೊಂದು ಸೆಟ್ಟು ಹಲ್ಲಿಲ್ಲ." ಎಲ್ಲರಿಗಿಂತ ಮೊದಲು ಸುಗುಣಮ್ಮನೇ ನಕ್ಕು, "ನಾ ಉಳ್ಳಾಗಡ್ಡಿ ಹೆಚ್ಚತೀನ್ರಿ" ಅಂದರು. ಆ ನಗು ಕೇಳಿ ನನಗೆ ಅಲ್ಲಿ ಕೂತಿರಲಾಗಲಿಲ್ಲ.

ಮರುದಿನ ಲೈನಿಗೆ ಹೋಗಿ ಹೇಳಿದೆ. ಸುಗುಣಮ್ಮ ನಳದ ಕೆಳಗೆ ಕೊಡ ಇಟ್ಟಿದ್ದರು. ಕೊಡ ತುಂಬಿ ಚೆಲ್ಲುತ್ತಿತ್ತು.

"ನನ್ ರೊಟ್ಟಿ ಮೆತ್ತಗಿತ್ತೇನ್ರಿ?"

"ಮಕ್ಕಳು ಭಾಳ ಮೆತ್ತಗದ ಅಂದ್ರು."

"ನೀವ್?"

"ನಾ ತಿನ್ನಲಿಲ್ಲ."

ಅವರು ನಳ ನಿಲ್ಲಿಸಿ ಬಂದರು. "ಇಷ್ಟ್ ವರ್ಷ ಸುಮ್ಮನ ಎಸರಿಗೆ ಬೈದೆ" ಅಂದರು. ಕ್ಷಮಿಸಿದೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಒಲೆ ಹಚ್ಚಿ ಹಿಟ್ಟು ನಾದಿದರು, ತಟ್ಟಿದರು, ಉಬ್ಬಿದ ರೊಟ್ಟಿಯನ್ನು ನನ್ನ ಮುಂದಿಟ್ಟು ನೋಡುತ್ತ ಕೂತರು. ತಿಂದೆ. ಮಕ್ಕಳು ಹೇಳಿದ್ದು ಸುಳ್ಳಲ್ಲ.

ಹೊರಡುವಾಗ ಬಾಗಿಲವರೆಗೂ ಬಂದರು. "ನನಗಷ್ಟೇ ಹೇಳಿದ್ರ ಆಗಲ್ರಿ ಅಕ್ಕೋರೆ. ಕೆಮ್ಮಿದೋರಿಗೂ ಹೇಳ್ರಿ."

ಅದಕ್ಕೇ ಇದನ್ನು ಇಡೀ ಸಭೆಗೆ ಬರೆದೆ. ಸುಗ್ಗಿ ಹಬ್ಬದ ರೊಟ್ಟಿ ಸುಗುಣಮ್ಮ ಮಾಡುತ್ತಾರೆ, ಉಳ್ಳಾಗಡ್ಡಿ ನಾನು ಹೆಚ್ಚುತ್ತೇನೆ. ನಗುವುದಿದ್ದರೆ ಈ ಸಲ ನನ್ನನ್ನು ನೋಡಿ ನಗಿ.