ಸೋರೆಬುರುಡೆಗೆ ಬಂದ ಮೀನು

ಹೆಂಗಸು ಗುಹೆಯ ಗೈಡ್ ಆಗುವುದು ಬೇಡವೇ ಬೇಡ ಎಂದು ಊರ ಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ. ಫಗ್ನು ಅಂದರೆ ಕಾಂಗೇರ್ ಕಣಿವೆಯಲ್ಲಿ ಗಂಟಲಿಗೆ ಹೆಸರಾದವನು. ಇಪ್ಪತ್ತಾರು ವರ್ಷ ಪ್ರವಾಸಿಗರಿಗೆ ‘ತಲೆ ಬಗ್ಗಿಸಿ, ಗೋಡೆ ಮುಟ್ಟಬೇಡಿ’ ಎಂದು ಕೂಗಿ ಕೂಗಿ, ಮನೆಯಲ್ಲೂ ಮೆಲ್ಲಗೆ ಮಾತಾಡಲು ಬರದ ಹಾಗಾಗಿದೆ.

ರೈಮತಿ ನನ್ನ ಜೊತೆಯ ಗೈಡ್ ದಸ್ರುವಿನ ಹೆಂಡತಿ. ನಮ್ಮ ಧುರ್ವಾ ಜನಕ್ಕೆ ಮದುವೆಯಲ್ಲಿ ಬೆಂಕಿ ಸಾಕ್ಷಿಯಲ್ಲ, ನೀರು ಸಾಕ್ಷಿ. ಅವರ ಮದುವೆಗೆ ಹೊಳೆಯಿಂದ ನೀರು ತಂದವರಲ್ಲಿ ನಾನೂ ಒಬ್ಬ. ಬುಟ್ಟಿ ಹೆಣೆಯುತ್ತ ಕೂತರೆ ಅವಳಿಗೆ ಲೋಕದ ಪರಿವೆಯೇ ಇಲ್ಲ. ಗಂಡನಿಗೆ ಗುಹೆ, ಹೆಂಡತಿಗೆ ಬಿದಿರು, ಒಬ್ಬಳೇ ಮಗಳು, ಹೀಗಿತ್ತು ಸಂಸಾರ. ಕಳೆದ ಬೇಸಿಗೆಯಲ್ಲಿ ಹೆಂಡ ಇಳಿಸಲು ಸಲ್ಫಿ ಮರ ಹತ್ತಿದ್ದ ದಸ್ರು ಬಿದ್ದು ಸೊಂಟ ಮುರಿದುಕೊಂಡ. ಇನ್ನು ಗುಹೆಯ ಮಾತೇ ಇಲ್ಲ ಎಂದರು ವೈದ್ಯರು.

ನಮ್ಮಲ್ಲಿ ಗೈಡ್ ಕೆಲಸ ಒಬ್ಬೊಬ್ಬರದಲ್ಲ, ಮನೆಯದು. ಮನೆಗೊಂದು ಪಾಳಿ. ಮಳೆಗಾಲದಲ್ಲಿ ಗುಹೆಗೆ ನೀರು ನುಗ್ಗುವುದರಿಂದ ಐದು ತಿಂಗಳು ಮುಚ್ಚಿರುತ್ತದೆ. ಮತ್ತೆ ತೆರೆಯುವ ಹಿಂದಿನ ದಿನ ಮನೆಯಿಂದ ಯಾರೂ ನಿಲ್ಲದಿದ್ದರೆ ಪಾಳಿ ಬೇರೆ ಮನೆಗೆ ಹೋಗುತ್ತದೆ. ಹೋದದ್ದು ತಿರುಗಿ ಬರುವುದಿಲ್ಲ. ಆಮೇಲೆ ರೈಮತಿ ಮಗಳನ್ನು ಕಟ್ಟಿಕೊಂಡು ಗೋದಾವರಿಯಾಚೆ ಮೆಣಸಿನಕಾಯಿ ಬಿಡಿಸಲು ಹೋಗಬೇಕು. ಮಲಗಿದವನಿಗೆ ಗಂಜಿ ಕಾಯಿಸಿ ಕೊಡುವವರು ಯಾರು?

‘ನಮ್ಮನೆಯಿಂದ ನಾನು ಇಳೀತೀನಿ,’ ಎಂದಳು ಸಭೆಯಲ್ಲಿ.

‘ಬುಟ್ಟಿ ಹೆಣೆದ ಹಾಗಲ್ಲ ಕಣೇ ಅದು,’ ಎಂದೆ. ‘ಅಲ್ಲಿ ದೀಪ ಆರಿದ್ರೆ ನಿನ್ನ ಕೈ ನಿನಗೇ ಕಾಣಲ್ಲ.’

‘ಬುಟ್ಟಿ ಹೆಣೆಯೋವಾಗ ನಾನು ಕೈ ನೋಡ್ಕೊಳ್ಳಲ್ಲ ಕಾಕಾ.’

ಆ ಪಾಳಿಯನ್ನು ತನ್ನ ತಮ್ಮನಿಗೆ ಕೊಡಿಸಲು ಕಾದಿದ್ದ ಜಗರು ಹೊಟ್ಟೆ ಕುಲುಕಿಸಿ ನಕ್ಕ. ‘ಪ್ರವಾಸಿಗರನ್ನ ಬುಟ್ಟೀಲಿ ಹಾಕ್ಕೊಂಡು ಹೋಗ್ತಾಳೇನೋ.’

‘ನಿನ್ನೊಬ್ಬನ್ನ ಹಾಕಿದ್ರೆ ಸಾಕು ಬಾವಾ, ತಳಾನೇ ಕಳಚುತ್ತೆ.’

ಪೂಜಾರಿ ಸೋನಾಧರ್ ಕೈಯೆತ್ತಿದ. ‘ಮನೆಗೊಂದು ಪಾಳಿ ಅಂತ ಇದೆ. ಗಂಡಸಿಗೆ ಮಾತ್ರ ಅಂತ ಯಾರು ಹೇಳಿದ್ರು? ನಿಲ್ಲಲಿ, ನೋಡೋಣ.’ ಅಲ್ಲಿಗೆ ಸಭೆ ಮುಗಿಯಿತು.

ಮಳೆಗಾಲದಲ್ಲಿ ಒಂದು ದಿನ ದಸ್ರುವನ್ನು ನೋಡಿ ಬರೋಣ ಎಂದು ಹೋದರೆ, ಅಂಗಳದಿಂದ ಒಲೆಯವರೆಗೆ ಮೊರ, ಮಡಕೆ, ಒರಳು ಎಲ್ಲ ಅಡ್ಡಾದಿಡ್ಡಿ. ರೈಮತಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡುವೆ ಬಗ್ಗಿ ತಡಕಾಡುತ್ತ ಹೆಜ್ಜೆ ಎಣಿಸುತ್ತಿದ್ದಾಳೆ. ದಸ್ರು ಮಂಚದ ಮೇಲಿಂದಲೇ ಗುಹೆ ತೋರಿಸುತ್ತಿದ್ದಾನೆ.

‘ಹನ್ನೊಂದು ಹೆಜ್ಜೆ. ಈಗ ಎಡಗೈಗೆ ಒದ್ದೆ ಕಂಬ.’

ಅವಳ ಕೈಗೆ ಒರಳು ಸಿಕ್ಕಿತು.

‘ಇಲ್ಲಿ ತಲೆ ಬಗ್ಗಿಸು.’

ಬಗ್ಗಿಸುವಷ್ಟರಲ್ಲಿ ಹಣೆ ಅಡ್ಡ ಕಟ್ಟಿದ್ದ ಬಿದಿರಿಗೆ ಬಡಿಯಿತು. ಮಗಳು ಬಿದ್ದು ಬಿದ್ದು ನಕ್ಕಳು. ರೈಮತಿ ಹಣೆ ಉಜ್ಜಿಕೊಂಡು ಬಾಗಿಲಿಗೆ ಹೋದಳು, ಮೊದಲಿನಿಂದ ಶುರು ಮಾಡಿದಳು. ಹೀಗೆ ಮೂರು ಸಲ. ನೋಡಿ ನೋಡಿ ನನಗೇ ಸುಸ್ತಾಯಿತು. ಕೊಟ್ಟ ಗಂಜಿ ಕುಡಿದು ಎದ್ದು ಬಂದೆ.

ಮಳೆ ಹೋಗಿ ಗುಹೆ ತೆರೆಯುವ ಹಿಂದಿನ ದಿನ ಬೆಳಿಗ್ಗೆ ಗುಹೆಯ ಬಾಯಿಗೆ ಸೇರಿದೆವು. ಹೊಸ ಗೈಡ್ ಒಬ್ಬರೇ ಇಳಿದು ತೀರಾ ಒಳಗಿನ ಕೊಳದಿಂದ ಸೋರೆಬುರುಡೆಯಲ್ಲಿ ನೀರು ತರಬೇಕು. ಆ ನೀರು ಮುಟ್ಟಿ ಆಣೆ ಇಡಬೇಕು: ಒಳಗೆ ಕರೆದುಕೊಂಡು ಹೋದವರನ್ನು ಹೊರಗೆ ತರುತ್ತೇನೆ, ಒಳಗಿನದನ್ನು ಒಳಗೇ ಬಿಡುತ್ತೇನೆ. ಇಳಿಯುವುದು ಒಂದೇ ಸಲ. ಎರಡನೇ ಸಲ ಇಳಿದರೆ ಪಾಳಿಯ ಆಸೆ ಬಿಡಬೇಕು. ನೀರು ತಿಳಿಯಾಗಿದೆಯೇ ಎಂದು ಅಂಗೈಗೆ ಸುರಿದು ನೋಡುವುದು ಹಿರಿಯ ಗೈಡಾದ ನನ್ನ ಕೆಲಸ. ಹಾಗಾಗಿ ನಾನು ಮೇಲಿನ ಮೆಟ್ಟಿಲಲ್ಲಿದ್ದೆ, ಉಳಿದವರು ಆಚೆ ಮರದಡಿ.

ರೈಮತಿ ದೀಪ ಹಿಡಿದು ಇಳಿದಳು. ನಾನು ಮೂರನೇ ಬೀಡಿ ಹಚ್ಚುವಷ್ಟರಲ್ಲಿ ದೀಪ ಮೇಲೆ ಬಂತು. ರೈಮತಿಯ ಮೈಯೆಲ್ಲ ಕೆಸರು, ಮುಖದ ತುಂಬ ನಗು. ನಿಜ ಹೇಳುತ್ತೇನೆ, ನನಗೂ ಖುಷಿಯಾಯಿತು. ಬುರುಡೆ ಬಗ್ಗಿಸಿದೆ. ನೀರಿನ ಜೊತೆ ಅಂಗೈಗೆ ಒಂದು ಮೀನು ಬಿತ್ತು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಬೆಳ್ಳಗೆ, ಕಣ್ಣಿಲ್ಲ. ಕತ್ತಲಲ್ಲೇ ಹುಟ್ಟಿ ಬೆಳೆದ ಜೀವ, ಬಿಸಿಲಿಗೆ ಒದ್ದಾಡಿತು.

‘ಹುಲ್ಲಿಗೆ ಚೆಲ್ಲಿಬಿಡೋಣ,’ ಎಂದೆ ಮೆಲ್ಲಗೆ. ‘ಯಾರೂ ನೋಡಿಲ್ಲ. ನಡಿ.’

ಅವಳ ನಗು ಹೋಯಿತು. ನನ್ನ ಕೈ ಹಿಡಿದು ಮೀನನ್ನು ಮತ್ತೆ ಬುರುಡೆಗೆ ಇಳಿಸಿದಳು. ‘ಒಳಗಿನದು ಒಳಗೇ ಅಂತ ಆಣೆ ಇಡೋಕೆ ಹೊರಟಿದೀನಿ ಕಾಕಾ. ಅದಕ್ಕೆ ಮೊದ್ಲೇ ಕದಿಯಲಾ?’

‘ಮತ್ತೆ ಇಳಿದ್ರೆ ಪಾಳಿ ಹೋಗುತ್ತೆ ಕಣೇ. ಗಂಡನ್ನ ನೆನೆಸ್ಕೋ. ಮಗಳನ್ನ ನೆನೆಸ್ಕೋ.’

‘ಅವರನ್ನ ನೆನೆಸ್ಕೊಂಡೇ ಹೋಗ್ತಿದೀನಿ,’ ಎಂದವಳು ತಿರುಗಿ ಇಳಿದೇಬಿಟ್ಟಳು.

ಜಗರು ಮರದಡಿಯಿಂದ ಓಡಿ ಬಂದ. ‘ಯಾಕೆ ವಾಪಸ್ ಹೋದ್ಲು? ನೀರು ಚೆಲ್ಕೊಂಡ್ಲಾ?’

ನಾನು ಇನ್ನೊಂದು ಬೀಡಿ ಹಚ್ಚಿಕೊಂಡು ಮುಖ ತಿರುಗಿಸಿದೆ. ಅವಳ ಕೈಯಲ್ಲಿದ್ದ ಸೋಲಾರ್ ದೀಪ ಬಿಸಿಲು ಕಾಣದೆ ಐದು ತಿಂಗಳು ಮೂಲೆಯಲ್ಲಿ ಬಿದ್ದಿದ್ದದ್ದು. ಎರಡನೇ ಸಲಕ್ಕೆ ತಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೊತ್ತು ನೆತ್ತಿಗೇರಿತು. ಸೋನಾಧರ್ ಹಗ್ಗ ತರಲು ಹೇಳುವಷ್ಟರಲ್ಲಿ ಕೆಳಗಿನಿಂದ ದನಿ ಕೇಳಿಸಿತು. ‘ಒಂಬತ್ತು. ಹತ್ತು. ಹನ್ನೊಂದು.’ ಕತ್ತಲಿನಿಂದ ಮೊದಲು ತಡಕಾಡುವ ಕೈ ಬಂತು, ಆಮೇಲೆ ಮೊಣಕಾಲು ಸುಲಿದುಕೊಂಡ ರೈಮತಿ ಬಂದಳು. ಕಂಕುಳಲ್ಲಿ ಆರಿದ ದೀಪ, ಕೈಯಲ್ಲಿ ತುಂಬಿದ ಬುರುಡೆ.

‘ಎರಡು ಸಲ ಇಳಿದ್ಲು. ಮುಗೀತು,’ ಎಂದ ಜಗರು.

‘ಬುರುಡೇಲಿ ಮೀನು ಬಂದಿತ್ತು. ಬಿಟ್ಟು ಬಂದೆ,’ ಎಂದಳು.

‘ಯಾವ ಮೀನು? ಯಾರು ನೋಡಿದ್ರು?’

ಅವಳು ನನ್ನ ಕಡೆ ತಿರುಗಲೂ ಇಲ್ಲ. ತಿರುಗಿದ್ದರೆ ಸಿಟ್ಟು ಬಂದು ಸುಮ್ಮನಿರುತ್ತಿದ್ದೆನೇನೋ, ನನ್ನ ಸ್ವಭಾವವೇ ಅಂಥದ್ದು.

‘ನಾನು ನೋಡಿದೆ,’ ಎಂದೆ. ‘ಚೆಲ್ಲಿಬಿಡೋಣ ಅಂದಿದ್ದೂ ನಾನೇ.’

ಸೋನಾಧರ್ ನನ್ನನ್ನೇ ದಿಟ್ಟಿಸಿದ. ‘ಇಷ್ಟು ವರ್ಷದ ಗೈಡು, ನೀನು ಹಂಗಂದ್ಯಾ?’

‘ಇಪ್ಪತ್ತಾರು ವರ್ಷದ ಹಿಂದೆ ನನ್ನ ಬುರುಡೇಲೂ ಒಂದು ಬಂದಿತ್ತು. ಪಾಳಿ ಕೈತಪ್ಪುತ್ತೆ ಅಂತ ಇದೇ ಹುಲ್ಲಿಗೆ ಚೆಲ್ಲಿದೆ. ಕೈ ಒರೆಸ್ಕೊಂಡು ಆಣೆ ಇಟ್ಟೆ.’

ಸೋನಾಧರ್ ಬುರುಡೆ ತೆಗೆದುಕೊಂಡು ರೈಮತಿಯ ಕೈಗೆ ನೀರು ಸುರಿದ. ‘ಇವಳು ಇಡೋಕೆ ಮೊದ್ಲೇ ಆಣೆ ನಡೆಸಿದಾಳೆ. ಇಡು ತಾಯಿ.’ ಅವಳು ಆಣೆಯ ಮಾತು ಮುಗಿಸುವವರೆಗೆ ಕಾದು ನನಗೆ ಹೇಳಿದ: ‘ನೀನು ಇಟ್ಟಿದ್ದು ಆಣೆಯಲ್ಲ ಫಗ್ನು.’

ನಮ್ಮ ಮನೆಯ ಪಾಳಿ ಜಗರುವಿನ ತಮ್ಮನಿಗೆ ಹೋಯಿತು. ಹೆಂಡತಿ ಮೂರು ದಿನಕ್ಕಾಗುವಷ್ಟು ಬೈಗುಳ ಒಂದೇ ಹೊತ್ತಿಗೆ ಬೈದಳು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು. ಆದರೆ ಹೇಳಿದ್ದಕ್ಕೆ ಮಾತ್ರ ಬೇಸರವಾಗಲಿಲ್ಲ.

ಮರುದಿನ ಗುಹೆ ತೆರೆಯಿತು. ಹೊಸಬಳಿಗೆ ದಿನದ ಕೊನೆಯ ಸರದಿ. ಜಗದಲ್ಪುರದ ನಾಲ್ವರು ಪ್ರವಾಸಿಗರ ಹಿಂದೆ ನಾನೂ ಹೋಗಿ ನಿಂತೆ.

‘ಟಿಕೆಟ್ ತಗೊಂಡ್ಯಾ ಕಾಕಾ?’ ಎಂದಳು ರೈಮತಿ, ಮುಖ ಗಂಟಿಕ್ಕಿಕೊಂಡು.

ತೋರಿಸಿದೆ. ಹುಟ್ಟಿದ ಮೇಲೆ ಮೊದಲ ಸಲ ಕೊಂಡ ಟಿಕೆಟ್ಟು.

‘ತಲೆ ಬಗ್ಗಿಸಿ, ಗೋಡೆ ಮುಟ್ಟಬೇಡಿ,’ ಎಂದು ಅವಳು ನನ್ನಷ್ಟೇ ಜೋರಾಗಿ ಕೂಗಿದಳು. ಬಗ್ಗಿಸಿದೆ. ಒಳಗಿನ ಕೊಳದ ಹತ್ತಿರ ದೀಪ ಹಿಡಿದಾಗ ಬಿಳಿ ಮೀನುಗಳು ಸುಳಿದಾಡಿದವು.

‘ಎಷ್ಟಿವೆ ಇಲ್ಲಿ?’ ಎಂದು ಪ್ರವಾಸಿಯೊಬ್ಬ ಕೇಳಿದ.

‘ಒಂದು ಕಡಿಮೆ ಇದೆ,’ ಎಂದೆ. ಆ ಕೊಳದ ಮುಂದೆ ನನಗೆ ಅಳು ಬಂತು.

ರೈಮತಿ ದೀಪವನ್ನು ನನ್ನ ಮುಖದಿಂದ ಆಚೆ ತಿರುಗಿಸಿದಳು. ಸ್ವಲ್ಪ ಹೊತ್ತು ಬಿಟ್ಟು ಮೆಟ್ಟಿಲ ಕಡೆ ಬೆಳಕು ಹಿಡಿದಳು.

‘ನಡೀರಿ, ಎಲ್ಲರನ್ನೂ ಹೊರಗೆ ಕರ್ಕೊಂಡು ಹೋಗಬೇಕು ನಾನು,’ ಎಂದಳು. ‘ಕಾಕಾ, ನಿನ್ನನ್ನೂ.’